ಪುರಾಣದ ಅಚ್ಚಿನಲ್ಲಿ ಒಂದು ಪಿಚ್ಚರ್

ಪಿಚ್ಚರ್ ತೆಗೆದವರ ಪಾಡು ನನಗೆ ಗೊತ್ತಿಲ್ಲ, ತೆಗೆಯದೇ ಹೋದವರ ಪಾಡು ಮಾತ್ರ ಚೆನ್ನಾಗಿ ಗೊತ್ತು. ತೆರೆಯ ಮೇಲೆ ಕಾಣುವುದಕ್ಕಿಂತ ಹೆಚ್ಚಿನ ತಮಾಷೆ ಅಂಥವರ ಹಿಂದೆ ಮುಂದೆ ನಡೆಯುತ್ತಲೇ ಇರುತ್ತದೆ. ಒಂದಕ್ಕೆ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತದೆ.

ರಾಕ್ಷಸನಿಗೊಂದು ಅರ್ಜಿ

ಎಪ್ಪತ್ತರ ದಶಕದಲ್ಲಿ ನಾನು ಮಧುಗಿರಿಯ ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದೆ. ಜನ ನನ್ನನ್ನು ರೈಟ್ರು ಅನ್ನುತ್ತಿದ್ದರು. ನನ್ನ ಅಕ್ಷರ ದುಂಡಗಿತ್ತು, ಅದರ ಜಂಬವೂ ನನಗೆ ಸಾಕಷ್ಟಿತ್ತು. ಒಂದು ಮಧ್ಯಾಹ್ನ ನಾಟಕದ ಮೇಷ್ಟ್ರು ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಹಾರ್ಮೋನಿಯಂ ಹೊತ್ತುಕೊಂಡು ಹಳ್ಳಿಹಳ್ಳಿ ಸುತ್ತಿ, ಹೊಲ ಉಳುವವರಿಗೂ ಕುರಿ ಕಾಯುವವರಿಗೂ ಪೌರಾಣಿಕ ನಾಟಕ ಕಲಿಸಿ ಬದುಕುತ್ತಿದ್ದ ಮನುಷ್ಯ.

ಅವರ ಮನೆಯ ಸಂಗತಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಅವರ ಒಬ್ಬನೇ ಮಗ ಜ್ವರದಲ್ಲಿ ತೀರಿಕೊಂಡಿದ್ದ. ಇನ್ನೂ ಸ್ಕೂಲಿಗೂ ಸೇರಿಸಿರಲಿಲ್ಲ. ಆಗ ಮೇಷ್ಟ್ರು ಹುಲಿಕುಂಟೆ ಕಡೆ ನಾಟಕ ಕಲಿಸುತ್ತಿದ್ದರು. ಸುದ್ದಿ ಮುಟ್ಟಿ ಬಸ್ಸು ಹತ್ತಿ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅವರ ಹೆಂಡತಿ ಬೈಯಲಿಲ್ಲ, ಅಳಲೂ ಇಲ್ಲ. ಊಟಕ್ಕೆ ಏಳಿ, ನಲ್ಲಿಯಲ್ಲಿ ನೀರು ಬಂತು, ಇಷ್ಟು ಬಿಟ್ಟರೆ ಆಕೆಯ ಬಾಯಲ್ಲಿ ಮಾತೇ ಇರಲಿಲ್ಲ. ಹಿಂದೆ ಟೆಂಟಿಗೆ ಬಂದ ಒಂದು ಪಿಚ್ಚರನ್ನೂ ಬಿಡದೆ ನೋಡಿ, ನೋಡಿದ್ದನ್ನೆಲ್ಲ ಬೀದಿಗೆ ಹೇಳಿ ನಗಿಸುತ್ತಿದ್ದ ಹೆಂಗಸು.

"ಒಂದು ಪಿಚ್ಚರ್ ಕಥೆ ಬರೀಬೇಕು ರೈಟ್ರೇ," ಅಂದರು ಮೇಷ್ಟ್ರು. "ಕಳೆದೋದ ಮಗ ಕೊನೇಲಿ ಸಿಗಬೇಕು. ಅದನ್ನ ಅವಳು ಟೆಂಟಲ್ಲಿ ಕೂತು ನೋಡ್ಬೇಕು. ಒಂದ್ಸಲ ಅತ್ಬುಟ್ರೆ ಸಾಕು ನಂಗೆ."

ಕಥೆ ಹೆಣೆಯುವುದು ಕಷ್ಟವಲ್ಲವಾ ಎಂದು ಕೇಳಿದೆ. ಪುರಾಣಕ್ಕೆ ಒಂದು ಅಚ್ಚಿದೆ, ಅದು ಕೈಗೆ ಸಿಕ್ಕಿದರೆ ಯಾವ ಕಥೆಯಾದರೂ ಬರುತ್ತದೆ ಅಂದರು. ಮೊದಲು ಸುಖವಾದ ಮನೆ. ಆಮೇಲೆ ಯಾರೋ ಕೊಟ್ಟ ಮಾತು, ಇಲ್ಲವೇ ಒಂದು ಶಾಪ. ನಾಯಕ ಮನೆ ಬಿಟ್ಟು ಹೊರಡಬೇಕು. ಕಾಡು. ಕಾಡಿನಲ್ಲಿ ದಾರಿ ತೋರುವ ಒಬ್ಬ ಮುನಿ. ಅದಾದ ಮೇಲೆ ರಾಕ್ಷಸ. ಗೆದ್ದು, ವರ ಪಡೆದು, ಮನೆಗೆ ಬಂದರೆ ಮಂಗಳಾರತಿ. ಆಲೆಮನೆಗೆ ಯಾರ ಹೊಲದ ಕಬ್ಬು ಬಂದರೂ ಅಚ್ಚಿಗೆ ಹುಯ್ದ ಮೇಲೆ ಅಚ್ಚುಬೆಲ್ಲವೇ ತಾನೆ ಎಂದರು. ಹಳೆಯ ರಾಜರ ಕಥೆಯಲ್ಲ, ನಮ್ಮ ಕಾಲದ ಒಬ್ಬ ಬಡ ಅಪ್ಪನ ಕಥೆಯನ್ನು ಆ ಅಚ್ಚಿಗೆ ಹುಯ್ಯುವುದು ಅವರ ಯೋಚನೆ. ಅವರು ಹೇಳಿದರು, ನಾನು ಬರೆದೆ. ಅಪ್ಪ ಮಗನನ್ನು ಬಿಡು ಎಂದು ರಾಕ್ಷಸನನ್ನು ಬೇಡಿಕೊಳ್ಳುವ ಮಾತನ್ನು ಮಾತ್ರ ನೀವೇ ಬರೆದುಬಿಡಿ ಅಂದರು, ಆ ಮಾತು ಅವರ ಬಾಯಲ್ಲಿ ಬರಲಿಲ್ಲ.

ಮಾರನೆಯ ದಿನ ನಾನು ಬರೆದದ್ದನ್ನು ಓದಿಕೊಂಡರು. "ಮಾನ್ಯ ರಾಕ್ಷಸರವರ ಸನ್ನಿಧಾನಕ್ಕೆ. ಕೆಳಗೆ ರುಜು ಮಾಡಿರುವ ಬಡ ತಂದೆಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಏಕಮಾತ್ರ ಪುತ್ರನನ್ನು ತಾವು ಕೊಂಡೊಯ್ದಿದ್ದು, ಸದರಿ ಪುತ್ರನನ್ನು ದಯಮಾಡಿ ಹಿಂದಿರುಗಿಸಬೇಕಾಗಿ ಪ್ರಾರ್ಥನೆ." ಕೈಗೆ ಬಂದ ಅಭ್ಯಾಸ, ನಾನೇನು ಮಾಡಲಿ. ಮೇಷ್ಟ್ರು ಕಾಗದವನ್ನು ಮಡಿಸಿ, ಇದಕ್ಕೆ ರಾಕ್ಷಸ ಏನಂತಾನೆ ಎಂದು ಮೆಲ್ಲಗೆ ಕೇಳಿದರು.

ಪರಿಶೀಲಿಸಲಾಗುವುದು ಅಂತಾನೆ ಅಂದೆ.

ಸುಮ್ಮನೆ ಸಾಯದ ರಾಕ್ಷಸ

ಮೇಷ್ಟ್ರ ನಾಟಕಗಳಲ್ಲಿ ರಾಕ್ಷಸನ ವೇಷ ಯಾವಾಗಲೂ ಒಬ್ಬ ಕುರಿಗಾಹಿಯದು, ಶಿರಾ ಕಡೆಯವನು. ಅವನು ಒಂದು ಸಲ ಆರ್ಭಟಿಸಿದರೆ ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಹೋಗುತ್ತಿದ್ದವು. ಪಿಚ್ಚರಿನ ಸುದ್ದಿ ಕೇಳಿ, ಮಂದೆಯನ್ನು ತಮ್ಮನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ನನ್ನ ಹೊಂಗೆ ಮರಕ್ಕೇ ಬಂದ. ತನ್ನ ಪಾಲು ಏನು ಎಂದು ಕೇಳಿದ. ಕೊನೆಯಲ್ಲಿ ಬಂಡೆಯಿಂದ ಬಿದ್ದು ಸಾಯುತ್ತೀಯ ಎಂದೆ.

ಅವನಿಗೆ ಸಿಟ್ಟು ಬಂತು. "ಬಿದ್ದು ಸಾಯಾದಾ? ನಾಟ್ಕದಾಗೆ ನಾನು ಸತ್ರೆ ಶಾಪ ಬುಟ್ಟೋಯ್ತದೆ, ಗಂಧರ್ವ ಆಗಿ ಎದ್ದು ಕೈಮುಗ್ದು ಹೋಯ್ತೀನಿ. ಸುಮ್ಕೆ ಬಿದ್ದು ಸಾಯಾಕೆ ನಾನೇನು ಕುರಿನಾ?"

ಮೇಷ್ಟ್ರು ಅವನ ಪರವೇ ನಿಂತರು. ಪುರಾಣದಲ್ಲಿ ರಾಕ್ಷಸ ಕೆಟ್ಟವನಾಗಿ ಹುಟ್ಟುವುದಿಲ್ಲ, ಅವನ ಮೇಲೂ ಒಂದು ಶಾಪ ಇರುತ್ತದೆ, ಅದು ಇಲ್ಲದೆ ಹೋದರೆ ಅಚ್ಚು ಕೆಡುತ್ತದೆ ಎಂದರು. ಕುರಿಗಾಹಿ ಸಮಾಧಾನವಾಗಿ ಬೀಡಿ ಹಚ್ಚಿದ. ಹೊಗೆ ಬಿಟ್ಟು, "ಅಂಗಾರೆ ಮಗೀನ ಅವ್ನು ಚೆನ್ನಾಗೇ ನೋಡ್ಕಂಡಿರ್ತಾನೆ ಬುಡಿ ಮೇಷ್ಟ್ರೆ," ಅಂದ. ಅವನಿಗೆ ಮೇಷ್ಟ್ರ ಮಗನ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಮೇಷ್ಟ್ರು ಎದ್ದು ಹೋಗಿ ಕಚೇರಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು.

ಅವತ್ತಿನಿಂದ ನಮ್ಮ ರಾಕ್ಷಸ ಒಳ್ಳೆಯವನಾಗುತ್ತಾ ಹೋದ. ಮಗುವಿಗೆ ಮೇಕೆ ಹಾಲು ಕುಡಿಸಿದ, ಕಂಬಳಿ ಹೊದಿಸಿದ, ಲಾಲಿ ಹಾಡಿದ. ಇಷ್ಟು ದಿನ ಬರೆದದ್ದನ್ನು ಮೊದಲಿನಿಂದ ಓದಿದಾಗ ನನಗೆ ದಿಗಿಲಾಯಿತು. ಅಪ್ಪ ಬಂದು ಕರೆದರೆ ಮಗುವೇ ನಾನು ಬರಲ್ಲ ಅನ್ನುವ ಸ್ಥಿತಿಗೆ ಕಥೆ ಬಂದು ನಿಂತಿತ್ತು.

ಸೈಕಲ್ ಮೇಲೆ ವನವಾಸ

ಶಿರಾದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರು ಪಿಚ್ಚರಿಗೆ ಹಣ ಹಾಕುತ್ತಾರಂತೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆವು. ಬಿಚ್ಚಿದ ಚಕ್ರಗಳ ನಡುವೆ ನಮ್ಮನ್ನು ಸ್ಟೂಲ್ ಮೇಲೆ ಕೂರಿಸಿ ಸಾಹೇಬರು ಚಾಯ್ ತರಿಸಿದರು. ಮೇಷ್ಟ್ರು ಸೀಟಿನ ಮೇಲೆ ತಾಳ ಹಾಕುತ್ತಾ ಕಥೆ ಶುರುಮಾಡಿದರು. ಪಂಚರ್ ಹಾಕುತ್ತಿದ್ದವನು ಕೂಡ ಟ್ಯೂಬನ್ನು ನೀರಿನಲ್ಲೇ ಮರೆತು ಕೂತ.

ಕೇಳಿ ಮುಗಿಸಿ ಸಾಹೇಬರು, ತಮ್ಮ ದಾದಿ, ಅಂದರೆ ಅಜ್ಜಿ, ಹೇಳುತ್ತಿದ್ದ ಕಿಸ್ಸಾ ಕೂಡ ಹೀಗೇ ಇದೆ ಅಂದರು. ರಾಜಕುಮಾರ ಶಹಜಾದಾ ಮನೆ ಬಿಡುತ್ತಾನೆ, ಜಂಗಲ್‌ನಲ್ಲಿ ಫಕೀರ ಸಿಗುತ್ತಾನೆ, ಆಮೇಲೆ ರಾಕ್ಷಸನ ಹಾಗೆ ಒಂದು ಜಿನ್ ಬರುತ್ತದೆ. ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅಚ್ಚು ಶಿರಾದಲ್ಲೂ ಅದೇ ಅನ್ನುವ ಸಂತೋಷ ಅವರಿಗೆ. ಸಾಹೇಬರಿಗೆ ಬೇರೆಯೇ ಚಿಂತೆ ಹತ್ತಿತ್ತು. ಇಷ್ಟು ದೊಡ್ಡ ಕಾಡನ್ನು ಆ ಅಪ್ಪ ನಡೆದುಕೊಂಡೇ ಹುಡುಕುತ್ತಾನಾ ಎಂದು ಕೇಳಿದರು. ಅಷ್ಟರಲ್ಲಿ ಮಗು ಬೆಳೆದು ಮದುವೆಗೆ ಬಂದಿರುತ್ತದೆ, ಒಂದು ಸೈಕಲ್ ಕೊಡಿಸಿ ಅಂದರು.

ನನಗೆ ರೇಗಿತು. ಪುರಾಣದ ಮಾದರಿಯಲ್ಲಿ ಸೈಕಲ್ ಎಲ್ಲಿಂದ ಬರಬೇಕು ಎಂದು ಕೇಳಿಯೇಬಿಟ್ಟೆ.

"ವಿಮಾನ ಬರ್ತದಲ್ಲ ಭಾಯಿ, ಸೈಕಲ್ ಬರಲ್ವಾ?" ಅಂದರು ಅವರು.

ಸೈಕಲ್ಲನ್ನೂ ಬರೆದುಕೊಳ್ಳಿ ಎಂದು ಮೇಷ್ಟ್ರು ನನಗೆ ಸನ್ನೆ ಮಾಡಿದರು. ಕೊನೆಗೆ ತಿಳಿದದ್ದೇನೆಂದರೆ, ಸಾಹೇಬರು ಹಾಕುವುದು ಹಣವಲ್ಲ, ಸೈಕಲ್ಲು. ಎಷ್ಟು ಬೇಕಾದರೂ ಬಾಡಿಗೆ ಇಲ್ಲದೆ ಕೊಡುತ್ತೇನೆ ಎಂದು ಎದೆ ಮುಟ್ಟಿಕೊಂಡು ಹೇಳಿದರು. ನಾವು ಎದ್ದು ನಿಂತಾಗ ಮೇಷ್ಟ್ರ ಕೈ ಹಿಡಿದು, ಏನು ಬೇಕಾದರೂ ಬದಲಾಯಿಸಿ, ಮಗು ಸಿಗುವುದನ್ನು ಮಾತ್ರ ಬದಲಾಯಿಸಬೇಡಿ ಎಂದರು. ಮೇಷ್ಟ್ರು ತಲೆಯಾಡಿಸಿದರು. ಆ ಮನುಷ್ಯನ ಮೇಲೆ ರೇಗಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ, ಸೈಕಲ್ಲಿಗೆ ರಾಕ್ಷಸ ಅಡ್ಡ ಬಂದರೆ ಏನು ಮಾಡೋದು ಸಾಹೇಬರೇ ಎಂದು ಕೇಳಿದೆ.

"ಬೆಲ್ ಹೊಡೀಲಿ," ಅಂದರು. "ಸರ್ಕೋತಾನೆ."

ಪಾವಗಡದ ಬಿಸಿಲಿಗೆ ಒಗ್ಗದ ರೀಲು

ಆಮೇಲೆ ಪಾವಗಡದ ಟೆಂಟಿನ ಮಾಲೀಕರನ್ನು ನೋಡಲು ಹೋದೆವು. ಅವರಿಗೆ ಮದರಾಸಿನಲ್ಲಿ ಪಿಚ್ಚರ್ ತೆಗೆಯುವವರ ಪರಿಚಯವಿತ್ತು. ನಾವು ಹೋದ ಸಂಜೆ ಟೆಂಟಿನಲ್ಲಿ ಗಲಾಟೆ ನಡೆಯುತ್ತಿತ್ತು. ಬಸ್ಸಿನಲ್ಲಿ ಬಂದ ರೀಲುಗಳಲ್ಲಿ ನಡುವಿನ ಒಂದು ಡಬ್ಬಿಯನ್ನು ಕಂಡಕ್ಟರ್ ಬೇರೆ ಎಲ್ಲೋ ಇಳಿಸಿಬಿಟ್ಟಿದ್ದ. ಮುಂದಿನ ಕಥೆ ಎಲ್ಲಿ ಎಂದು ಜನ ಕೂಗುತ್ತಿದ್ದರು. ಮಾಲೀಕರು ಮೇಷ್ಟ್ರ ಕೈ ಹಿಡಿದುಕೊಂಡು, "ಏದೋ ಒಕಟಿ ಚೆಪ್ಪಂಡಿ ಮೇಷ್ಟ್ರೇ, ಏನಾದ್ರೂ ಒಂದು ಹೇಳಿ, ಇಲ್ದಿದ್ರೆ ಟೆಂಟು ಕಿತ್ತಾಕ್ತಾರೆ," ಎಂದು ಗೋಗರೆದರು.

ಆ ಪಿಚ್ಚರನ್ನು ಮೇಷ್ಟ್ರು ಕಂಡವರೇ ಅಲ್ಲ. ಇಲ್ಲಿವರೆಗೆ ಏನಾಗಿದೆ ಎಂದು ಮುಂದೆ ಕೂತಿದ್ದವರನ್ನು ಕೇಳಿದರು. ಗಂಡ ದುಡಿಯಲು ದೂರ ಹೋಗಿದ್ದಾನೆ, ಮನೆಯಲ್ಲಿ ಮಗುವಿಗೆ ಕಾಯಿಲೆ, ತಾಯಿ ಒಬ್ಬಳೇ ಇದ್ದಾಳೆ ಅಂದರು. ಮೇಷ್ಟ್ರ ಮುಖ ಒಂದು ಗಳಿಗೆ ಬಿಳುಚಿಕೊಂಡಿತು. ಬೇಡ ಬನ್ನಿ ಹೋಗೋಣ ಎಂದೆ. ಅವರು ಕೇಳಲಿಲ್ಲ, ಹಾರ್ಮೋನಿಯಂ ಬಿಚ್ಚಿ ತೆರೆಯ ಪಕ್ಕಕ್ಕೆ ಹೋದರು. ತಮ್ಮ ಅಚ್ಚಿಗೆ ಹುಯ್ದು ಕಾಣದ ರೀಲನ್ನು ಹೇಳತೊಡಗಿದರು. ದಾರಿಯಲ್ಲಿ ಒಬ್ಬ ಬೈರಾಗಿ ಸಿಕ್ಕಿ ಮೂಲಿಕೆ ತೋರಿಸಿದ, ಹೊಳೆ ಅಡ್ಡ ಬಂತು, ಅಪ್ಪ ಈಜಿ ದಾಟಿ ಮನೆಗೆ ಬಂದ, ಮಗು ಕಣ್ಣು ಬಿಟ್ಟು ಅಪ್ಪಾ ಅಂದಿತು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು. ಆಮೇಲಿನ ರೀಲು ಓಡಿದಾಗ ಅದರಲ್ಲಿ ಮಗು ಎಲ್ಲೂ ಇರಲಿಲ್ಲ. ಒಳಗೆ ಮಲಗಿರಬೇಕು ಬಿಡು ಎಂದುಕೊಂಡು ಜನ ನೋಡಿ ಮುಗಿಸಿದರು.

ಮಾರನೆಯ ದಿನ ಡಬ್ಬಿ ಬಂತು. ಹಿಂದಿನ ದಿನದವರು ಪುಕ್ಕಟೆಯಾಗಿ ಬಂದು ನೋಡಬಹುದು ಎಂದು ಮಾಲೀಕರು ಸಾರಿದರು. ಟೆಂಟು ತುಂಬಿತು, ರೀಲು ಓಡಿತು, ಅದರಲ್ಲಿ ಮಗು ಸತ್ತುಹೋಯಿತು. ಜನ ಎದ್ದು ನಿಂತರು. ಒಬ್ಬ ಅಜ್ಜಿ ನೇರವಾಗಿ ಮಾಲೀಕರ ಹತ್ತಿರ ಬಂದು, "ನಿನ್ನೆ ಬದುಕಿದ್ದ ಬಿಡ್ಡನ್ನ ಇವತ್ತು ಯಾಕಪ್ಪಾ ಚಂಪ್ತೀಯ?" ಎಂದು ಕೇಳಿದಳು. ಮಗುವನ್ನು ಯಾಕೆ ಕೊಲ್ಲುತ್ತೀಯ ಎಂಬ ಈ ಪ್ರಶ್ನೆ ಕೇಳಿದ್ದೇ ತಡ, ಮಾಲೀಕರು ರೀಲನ್ನು ಡಬ್ಬಿಗೆ ಹಾಕಿಸಿ ಮೇಷ್ಟ್ರನ್ನೇ ಮತ್ತೆ ನಿಲ್ಲಿಸಿದರು. ಆ ಪಿಚ್ಚರ್ ಅಲ್ಲಿ ಇದ್ದಷ್ಟು ದಿನವೂ ಮೇಷ್ಟ್ರು ಮಗುವನ್ನು ಬದುಕಿಸಿದರು.

ನಿಮ್ಮ ಮನೆಯವರನ್ನು ಇಲ್ಲಿಗೇ ಕರೆದುಕೊಂಡು ಬರಬಾರದಾ ಎಂದು ಕೇಳಿದೆ. "ನನ್ ಬಾಯಲ್ಲಿ ಬಂದ್ರೆ ಅವಳು ನಂಬ್ತಾಳಾ ರೈಟ್ರೇ," ಅಂದರು. "ತೆರೆ ಮೇಲೆ ಬಂದ್ರೆ ನಂಬಿದ್ರೂ ನಂಬಬೋದು."

ಮಾಲೀಕರ ಪರಿಚಯದ ಮದರಾಸಿನವರು ನಾವು ಹಾಕಿದ ಕಾಗದಕ್ಕೆ ಉತ್ತರ ಬರೆಯಲಿಲ್ಲ. ರೀಲಿನ ಕಂಪನಿಯವರು ಮಾತ್ರ ಮಾಲೀಕರಿಗೆ ಬರೆದರಂತೆ, ಉಳಿದ ರೀಲೆಲ್ಲ ಗೀಚಿಹೋಗಿ ಮಗು ಸಾಯುವ ರೀಲೊಂದೇ ಹೊಸದರ ಹಾಗೆ ಯಾಕಿದೆ ಎಂದು. ಆ ರೀಲು ಪಾವಗಡದ ಬಿಸಿಲಿಗೆ ಒಗ್ಗಲಿಲ್ಲ ಎಂದು ಮಾಲೀಕರು ಉತ್ತರ ಬರೆಸಿದರು.

ಬರಿಗೈ

ಎಂಬತ್ತರ ದಶಕ ಬರುವ ಹೊತ್ತಿಗೆ ನಮ್ಮ ಕಥೆಯ ಕಾಗದಗಳು ಮಾಸಿ ಮೆತ್ತಗಾಗಿದ್ದವು. ಆಗ ಕೊರಟಗೆರೆಯ ಪ್ರವಾಸಿ ಬಂಗಲೆಯಲ್ಲಿ ಬೆಂಗಳೂರಿನ ಒಬ್ಬ ನಿರ್ದೇಶಕ ಇಳಿದುಕೊಂಡಿದ್ದಾನೆ, ಬೆಟ್ಟ ಬಂಡೆ ನೋಡುತ್ತಾ ತಿರುಗುತ್ತಿದ್ದಾನೆ ಎಂದು ಸುದ್ದಿ ಬಂತು. ಗಡ್ಡ ಬಿಟ್ಟಿದ್ದ, ವಯಸ್ಸು ಚಿಕ್ಕದು, ಮನುಷ್ಯ ಮರ್ಯಾದಸ್ಥ. ನಮ್ಮ ಕಥೆಯನ್ನು ತಾಳ್ಮೆಯಿಂದ ಕೇಳಿದ. ಆಮೇಲೆ ಒಂದು ಹಾಳೆಯ ಮೇಲೆ ದೊಡ್ಡ ಸೊನ್ನೆ ಬರೆದ. ಇಂಗ್ಲಿಷಿನಲ್ಲಿ ಒಂದು ಪುಸ್ತಕವಿದೆಯಂತೆ, ಲೋಕದ ಪುರಾಣಗಳೆಲ್ಲ ಒಂದೇ ಸುತ್ತು ಸುತ್ತುತ್ತವಂತೆ. ಮನೆ ಬಿಡುವುದು, ಗುರು ಸಿಗುವುದು, ಗಂಡಾಂತರ, ಗೆಲುವು, ಮನೆಗೆ ಮರಳುವುದು. ಈಗ ಪಿಚ್ಚರ್ ಬರೆಯುವವರೂ ಅದನ್ನೇ ಹಿಡಿಯುತ್ತಿದ್ದಾರೆ ಎಂದ.

ಮೇಷ್ಟ್ರು ಖುಷಿಯಿಂದ ನನ್ನ ತೊಡೆ ಜಿಗುಟಿದರು. ನನಗೆ ನೋವಾಯಿತು.

ಆದರೆ ನಿರ್ದೇಶಕನಿಗೆ ಆ ಸುತ್ತು ಬೇಸರವಾಗಿತ್ತು. ನಮ್ಮ ಕಥೆ ಅವನಿಗೆ ಹಿಡಿಸಿದೆ, ತೆಗೆಯಲೂ ತಯಾರಿದ್ದಾನೆ, ಕೊನೆ ಒಂದು ಬದಲಾಗಬೇಕು. ಮಗು ಸಿಗಬಾರದು. ಅಪ್ಪ ಕಾಡೆಲ್ಲ ಅಲೆದು ಬರಿಗೈಯಲ್ಲಿ ಮನೆಗೆ ಬರುತ್ತಾನೆ, ಬಾಗಿಲು ಹಾಕಿರುತ್ತದೆ, ಕ್ಯಾಮೆರಾ ಆ ಬಾಗಿಲನ್ನು ತುಂಬಾ ಹೊತ್ತು ನೋಡುತ್ತದೆ. ಯಾಕೆ, ಕ್ಯಾಮೆರಾದವನು ಊಟಕ್ಕೆ ಹೋಗಿರುತ್ತಾನಾ ಎಂದು ನಾನು ಕೇಳಿದೆ. ಅವನು ನಗಲಿಲ್ಲ, ಬದುಕು ಹಾಗೇ ಇರೋದು, ಅದನ್ನೇ ತೋರಿಸಬೇಕು ಎಂದ.

ಇಷ್ಟು ವರ್ಷದಲ್ಲಿ ಪಿಚ್ಚರ್ ತೆಗೆಯುತ್ತೇನೆ ಎಂದು ನಿಜವಾಗಿ ಹೇಳಿದವನು ಅವನೊಬ್ಬನೇ. ಮೇಷ್ಟ್ರು ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅವರ ದನಿಯಲ್ಲಿ ಕೋಪ ಇರಲಿಲ್ಲ.

"ಬರಿಗೈಲಿ ಬರಾಕೆ ಕಾಡಿಗ್ಯಾಕೆ ಹೋಗ್ಬೇಕು ಸ್ವಾಮಿ?" ಅಂದರು. "ನಾನು ಹುಲಿಕುಂಟೆಯಿಂದ ಬಸ್ಸಲ್ಲೇ ಬಂದೆ."

ಕೊನೆಯ ಪ್ರತಿ

ಅದಾದ ಮೇಲೆ ಮೇಷ್ಟ್ರು ಯಾರ ಹತ್ತಿರವೂ ಹೋಗಲಿಲ್ಲ. ನನ್ನ ಸಮಾಧಾನಕ್ಕೆ ನಾನೇ ಕಥೆಯನ್ನು ಮೊದಲಿನಿಂದ ದುಂಡಗೆ ಬರೆದು, ದಾರ ಹಾಕಿ ಹೊಲಿದು, ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ತೆಗೆದುಕೊಂಡು ಹೋದೆ. ತಪ್ಪಿದ್ದರೆ ತಿದ್ದೋಣ, ಓದಿ ಎಂದೆ. ಅವರು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಮೊರ ಹಿಡಿದು ಹುರುಳಿಕಾಳು ಕೇರುತ್ತಿದ್ದರು. ಕೇಳುತ್ತಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ.

ರಾಕ್ಷಸ ಮಗುವನ್ನು ಕೊಂಡೊಯ್ದ. ಅಪ್ಪ ಹೊರಟ. ಕಾಡು, ಮುನಿ, ಸೈಕಲ್ಲು, ಮೇಕೆ ಹಾಲು ಎಲ್ಲ ಬಂದು ಹೋದವು. ಕೊನೆಗೆ ದೇವಿ ಪ್ರತ್ಯಕ್ಷಳಾಗಿ ಮಗುವನ್ನು ಅಪ್ಪನ ಕೈಗಿಟ್ಟಳು. ಅವನು ಮನೆಗೆ ಬಂದ, ತಾಯಿ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮಂಗಳಾರತಿ. ಮೇಷ್ಟ್ರ ದನಿ ಒಡೆದಿತ್ತು. ಹೆಂಡತಿಯ ಕಡೆ ನೋಡಲು ಅವರಿಗೆ ಧೈರ್ಯವಿರಲಿಲ್ಲ. ಮೊರ ಕೇರುವ ಸದ್ದು ನಿಂತಿತ್ತು.

"ಅಲ್ಲಿಗಂಟ ಆ ಯಮ್ಮ ಏನ್ ಮಾಡ್ತಿದ್ಲು?" ಅಂದರು ಆಕೆ.

ಮೇಷ್ಟ್ರು ಬೆಚ್ಚಿ ಯಾರು ಎಂದು ಕೇಳಿದರು.

"ಮಗಿನ ತಾಯಿ."

ಮೇಷ್ಟ್ರು ಹಾಳೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು. ಮೊದಲಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಬಿಟ್ಟರೆ ತಾಯಿ ಎಲ್ಲೂ ಇರಲಿಲ್ಲ. ನಾನು ಅಷ್ಟು ಸಲ ಬರೆದಿದ್ದೆ, ನನಗೂ ಕಂಡಿರಲಿಲ್ಲ. ಕಾಯ್ತಾ ಇರ್ತಾಳೆ ಕಣೆ, ದೀಪ ಹಿಡ್ಕಂಡು, ಎಂದರು ಮೇಷ್ಟ್ರು.

"ಅಷ್ಟೊರ್ಸ ದೀಪಕ್ಕೆ ಎಣ್ಣೆ ಹುಯ್ದೋರು ಯಾರು?"

ನನಗೆ ನಗು ಬಂದುಬಿಟ್ಟಿತು, ತುಟಿ ಕಚ್ಚಿಕೊಂಡೆ. ಮೇಷ್ಟ್ರು ತಡವರಿಸುತ್ತಾ, ದೇವಿ ಬಂದು ಅವಳಿಗೆ ಸಮಾಧಾನ ಹೇಳುವ ಹಾಗೆ ಒಂದು ಸೀನು ಹಾಕೋಣ ಅಂದರು. ದೇವಿ ಬರುವುದು ಕೊನೆಯಲ್ಲಿ ಎಂದು ಈಗತಾನೆ ಓದಿದಿರಿ ಎಂದರು ಆಕೆ. ಮೊರವನ್ನು ಪಕ್ಕಕ್ಕಿಟ್ಟು ಗಂಡನ ಮುಖವನ್ನೇ ನೋಡಿದರು.

"ಮಗ ಹೋದ. ಹುಡುಕ್ತೀನಿ ಅಂತ ಗಂಡನೂ ಹೋದ. ಪಿಚ್ಚರ್ ಮಾಡ್ತೀನಿ ಅಂತ ಊರೂರು ಹೋದ. ಅವಳತ್ರ ಯಾರಿದ್ರು?"

ಮೇಷ್ಟ್ರು ಹಾಳೆಗಳನ್ನು ಕೆಳಗಿಟ್ಟರು. ಯಾರೂ ಇರ್ಲಿಲ್ಲ ಕಣೆ ಎಂದು ಬಹಳ ಸಣ್ಣ ದನಿಯಲ್ಲಿ ಹೇಳಿದರು. ಆಗ ಆಕೆ ಅತ್ತರು. ಇಷ್ಟು ವರ್ಷ ಮಡಗಿಕೊಂಡದ್ದನ್ನೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮೇಷ್ಟ್ರು ಎದ್ದು ಹೋಗಿ ಹುರುಳಿಕಾಳಿನ ಪಕ್ಕ ನೆಲದ ಮೇಲೆ ಕೂತರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ, ನನ್ನ ಕಣ್ಣಲ್ಲೂ ನೀರು ಇಳಿಯುತ್ತಿತ್ತು.

ತುಂಬಾ ಹೊತ್ತಿನ ಮೇಲೆ ಆಕೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಬರ್ಕಳಣ್ಣಯ್ಯ. ಅವ್ನು ಹೊರಡಾದು ಬ್ಯಾಡ. ಮನೇಲೇ ಇರ್ಲಿ."

ನಾನು ಪೆನ್ನು ತೆಗೆದೆ. ಅಚ್ಚನ್ನು ನಂಬಿ ಬದುಕಿದ ಮೇಷ್ಟ್ರಿಗೆ ಅಷ್ಟಾದರೂ ಒಂದು ಮಾತು ಹೇಳದೆ ಇರಲಾಗಲಿಲ್ಲ. "ನಾಯಕ ಮನೆ ಬುಡ್ದಿದ್ರೆ ಕಥೆನೇ ಹುಟ್ಟಲ್ಲ ಕಣೆ," ಅಂದರು. "ಪಿಚ್ಚರ್ ಎರಡು ರೀಲಿಗೇ ಮುಗ್ದೋಯ್ತದೆ."

"ಮುಗೀಲಿ ಬುಡಿ," ಅಂದರು ಆಕೆ. "ಜನ ಎಲ್ಲ ಹೊತ್ತಿಗ್ ಮುಂಚೆ ಮನೆಗೋಗ್ಲಿ."